ಕೇಳದೇ ಹೇಳಿದ ಹೂಂ

ಕಳೆದ ಮಂಗಳವಾರ ಗಡಹಿಂಗ್ಲಜದಲ್ಲಿ ಅರವತ್ತು ಕುರಿಗಳ ಎದುರು ನನ್ನ ಮಾನ ಹೋಯಿತು.

ಕುರಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಹೆಸರು ಹಚ್ಚಲು ವೆಬ್ ಪುಟ ಮಾಡಿಕೊಟ್ಟವನು ನಾನೇ. (ಪುಕ್ಕಟೆ. ಹಾಗಾಗಿ ಜಂಬ ಸ್ವಲ್ಪ ಹೆಚ್ಚೇ ಇತ್ತು.) ಪಟ್ಟಿಯಲ್ಲಿದ್ದಷ್ಟೇ ಲಸಿಕೆ ತಂದಿದ್ದ ಡಾಕ್ಟರು ಹಾಕಿ ಮುಗಿಸಿ ಜೀಪು ಹತ್ತಿ ಹೋದರು. ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿದವರು ಕುರಿ ಕಾಯುವ ಬಾಳವ್ವ. ನಸುಕಿನಲ್ಲಿ ಹೊರಟು ಅರವತ್ತು ಕುರಿ ನಡೆಸಿಕೊಂಡು ಬಂದಿದ್ದರು. ಮಳೆ ಹಿಡಿಯುವ ಮೊದಲು ಲಸಿಕೆ ಬೀಳದಿದ್ದರೆ ಮರಿಗಳು ಉಳಿಯುವುದು ಕಷ್ಟ.

"ಹೆಸರ ಇಲ್ಲಂದ್ರ ಹೆಂಗ್ರಿ ಸರ್? ಮೊಬೈಲ್‌ದಾಗ 'ಆತ್ರಿ, ಬರ್ರಿ' ಅಂತ ಬಂದೇತಲ್ಲ."

ಫೋನ್ ತೋರಿಸಿದರು. ನಿಜ. ದಪ್ಪ ಹಸಿರು ಅಕ್ಷರ. ಬರೆದವನೂ ನಾನೇ.

"ಎಲ್ಲಿ ಕುಂತು ತುಂಬೀರಿ?"

"ಗುಡ್ಡದಾಗ್ರಿ. ಕುರಿ ಮೇಯಸಾಕತ್ತಿದ್ದೆ."

ಆ ಗುಡ್ಡದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು?

ಈಗ ಸ್ವಲ್ಪ ಟೆಕ್ನಿಕಲ್ ಆಗುತ್ತೇನೆ, ಸಹಿಸಿಕೊಳ್ಳಿ. ಪುಟ ಕೇಳಿದ್ದಕ್ಕೆ ದೂರದ ಸರ್ವರ್ ಕಳಿಸುವ ಉತ್ತರವೇ ರೆಸ್ಪಾನ್ಸ್. ಸರ್ವರ್ ಸಿಗದಿದ್ದರೆ ಅದನ್ನು ಬ್ರೌಸರಿನೊಳಗೆ ನಾವೇ ತಯಾರಿಸಬಹುದು. 'ನ್ಯೂ ರೆಸ್ಪಾನ್ಸ್' ಎಂದು ಬರೆದು, ಮಾತು ತುಂಬಿ, ಒಂದು ನಂಬರ್ ಹಚ್ಚಿದರೆ ಆಯಿತು. 503 ಎಂದರೆ ಸದ್ಯ ಆಗುವುದಿಲ್ಲ. 200 ಎಂದರೆ ಎಲ್ಲ ಸರಿ. ಕೊಟ್ಟವರು ಸರ್ವರೋ ನಾನೋ ಎಂದು ಪುಟ, ಪಾಪ, ವಿಚಾರಿಸುವುದಿಲ್ಲ.

ನಾನು 200 ಹಚ್ಚಿದ್ದೆ.

ಯಾಕೆ? ಕೇಳಿದವರ ಮುಖದ ಮೇಲೆ 'ಆಗೂದಿಲ್ಲ' ಎನ್ನುವ ರೂಢಿ ನಮ್ಮ ಕಡೆ ಎಲ್ಲಿದೆ? ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕದ ಟೇಲರ್ 'ಆತ್ರಿ' ಅನ್ನುತ್ತಾನೆ. ಕೊಲ್ಹಾಪುರದಲ್ಲಿ ಇನ್ನೂ ಬಸ್ಸೇ ಹತ್ತದ ನಮ್ಮ ಭಾವ, ಫೋನಿನಲ್ಲಿ 'ಆಲೋಚ್', ಬಂದೇಬಿಟ್ಟೆ, ಅನ್ನುತ್ತಾನೆ. ನನ್ನ ಕೋಡ್ ಕೂಡ ಇದೇ ಊರಿನದು.

ಇದನ್ನೆಲ್ಲ ಬಾಳವ್ವನಿಗೆ ವಿವರಿಸಿದೆ. ಕೋಲಿಗೆ ಗದ್ದ ಊರಿ ಪೂರ್ತಿ ಕೇಳಿದರು.

"ಅಂದ್ರ ನಂದು ಡಾಕ್ಟರಿಗೆ ಮುಟ್ಟೇ ಇಲ್ಲ. ಹೂಂ ಅಂದಾವ್ರು ನೀವ."

ಹೌದ್ರಿ, ನಾನೇ. ಭಾಳ ನಾಚಿಕೆಯಾಯಿತು. ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆಗೆದು 200 ಅಳಿಸಿ 503 ಹಾಕಿದೆ. ಮಾತನ್ನೂ ಬದಲಿಸಿದೆ: 'ಇನ್ನೂ ಮುಟ್ಟಿಲ್ರಿ, ನೆಟ್‌ವರ್ಕ್ ಇದ್ದಲ್ಲಿ ಮತ್ತೊಮ್ಮೆ ಕಳಿಸ್ರಿ.'

ಕೆಟ್ಟ ಚಟವೊಂದು ಬಿಟ್ಟ ಸಮಾಧಾನವಾಯಿತು. ಆದರೆ ಬಿಸಿಲಲ್ಲಿ ತೇಕುತ್ತಿದ್ದ ಮರಿಗಳನ್ನು ನೋಡಿ ಸುಮ್ಮನಿರಲಾಗಲಿಲ್ಲ.

"ಚಿಂತಿ ಮಾಡಬ್ಯಾಡ್ರಿ ಬಾಳವ್ವ. ನಾಳೆ ಮುಂಜಾನೆ ಡಾಕ್ಟರನ್ನ ನಿಮ್ಮ ಹಟ್ಟಿಗೇ ಕರಕೊಂಡು ಬರ್ತೇನಿ."

ಕುರಿ ತಿರುಗಿಸಿಕೊಂಡು ಹೊರಟಿದ್ದ ಬಾಳವ್ವ ನಿಂತರು.

"ಡಾಕ್ಟರನ್ನ ಕೇಳೀರೇನ್ರಿ?"