ಡಾಕ್ಟರು ಕೇಳಿದ ಸಾರು

ಡಾಕ್ಟರು ಒಳ್ಳೆಯವರೋ ಅಲ್ಲವೋ ಎಂದು ಅಳೆಯಲು ನನ್ನ ಹತ್ತಿರ ಒಂದೇ ಒಂದು ಅಳತೆಗೋಲಿತ್ತು. ರೋಗಿಗೆ ಏನು ಊಟ ಕೊಟ್ಟಿರಿ ಎಂದು ಕೇಳುವವರು ಒಳ್ಳೆಯ ಡಾಕ್ಟರು. ಕೇಳದೆ ಚೀಟಿ ಗೀಚಿ ಕಳಿಸುವವರು ದಂಡಪಿಂಡ. ಹಾಸನದಲ್ಲಿ ನಮ್ಮ ಬೀದಿಯ ಡಾಕ್ಟರು ನಾಲಿಗೆ ನೋಡುವ ಮೊದಲೇ "ಬೆಳಿಗ್ಗೆ ಏನಮ್ಮಾ ತಿಂದೆ?" ಎನ್ನುತ್ತಿದ್ದರು. ಅವರ ಔಷಧಿ ಕುಡಿದು ಬೆಳೆದವಳು ನಾನು. ಅರವತ್ತರ ದಶಕದ ನಡುವೆ ಗಂಡನಿಗೆ ಅಹಮದಾಬಾದಿಗೆ ವರ್ಗವಾದಾಗ ಪಾತ್ರೆಪಗಡದ ಜೊತೆ ಆ ಅಳತೆಗೋಲನ್ನೂ ಕಟ್ಟಿಕೊಂಡು ಹೋದೆ. ಅದೇ ನನ್ನ ಮಗಳ ಜೀವಕ್ಕೆ ಮುಳುವಾಗಲಿತ್ತು.

ಯಜಮಾನರದು ಕೇಂದ್ರ ಸರ್ಕಾರದ ಕಚೇರಿ. ನವರಂಗಪುರದಲ್ಲಿ ಒಂದು ಮನೆಯ ಕೆಳಭಾಗ ಬಾಡಿಗೆಗೆ ಸಿಕ್ಕಿತು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು, ಮಧ್ಯಾಹ್ನ ಹೊರಗೆ ಇಣುಕಿದರೆ ಬಿಸಿಲು ಮತ್ತು ಎಮ್ಮೆ, ಇಷ್ಟೇ. ಮಗಳಿಗೆ ನಾಲ್ಕು ವರ್ಷ. ನನಗೆ ಬರುತ್ತಿದ್ದ ಗುಜರಾತಿ ಮೂರು ಮಾತು: ಛೆ, ನಥೀ, ಕೇಟ್ಲಾ. ಇದೆ, ಇಲ್ಲ, ಎಷ್ಟು. ನಮ್ಮಲ್ಲಿ ಛೆ ಎಂದರೆ ಅಸಹ್ಯಪಟ್ಟುಕೊಂಡ ಹಾಗೆ, ಅಲ್ಲಿ ಊರಿಗೆ ಊರೇ ಬೆಳಗಿನಿಂದ ಛೆ ಛೆ ಎನ್ನುತ್ತಿತ್ತು. "ದೂಧ್ ಛೆ?" ಎಂದರೆ ಹಾಲು ಇದೆಯಾ. ಈ ಮೂರು ಮಾತಿನಲ್ಲೇ ಸಂಸಾರ ನಡೆಸುತ್ತೇನೆಂದು ನನಗೆ ಜಂಬ ಬೇರೆ.

ಮೇ ತಿಂಗಳಲ್ಲಿ ಮಗಳಿಗೆ ಜ್ವರ ಬಂತು. ಬೀದಿಯ ಕೊನೆಗಿದ್ದ ಡಾಕ್ಟರ ಹೆಸರು ಕಚೇರಿಯ ಪಟ್ಟಿಯಲ್ಲಿತ್ತು. ಕಚೇರಿಯ ಕನ್ನಡದವರೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ಯಜಮಾನರು ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಮಾತಾಡಿ, ನಾಲ್ಕು ದಿನಕ್ಕಾಗುವ ಒಂದು ಬಾಟಲಿ ಮಿಕ್ಸ್‌ಚರ್ ತಂದರು. ಮಾರನೆಯ ದಿನವೇ ಅವರಿಗೆ ಸೂರತ್ತಿಗೆ ಹೋಗಬೇಕಿತ್ತು, ಎರಡು ವಾರದ ಕ್ಯಾಂಪು.

"ಡಾಕ್ಟ್ರಿಗೆ ಎಲ್ಲಾ ಹೇಳಿದೀನಿ ಕಣೇ. ಔಷಧಿ ಮುಗಿದಾಗ ಕರ್ಕೊಂಡ್ಹೋಗಿ ತೋರ್ಸು, ಅಷ್ಟೇ. ಹೆದರ್ಕೋಬೇಡ."

"ಅವರೇನಾದ್ರೂ ಕೇಳಿದ್ರೆ ನಾನೇನ್ರೀ ಹೇಳ್ಲಿ?"

"ಕೇಳೋದೇನಿರತ್ತೆ? ಮಗುನ ನೋಡ್ತಾರೆ, ಔಷಧಿ ಕೊಡ್ತಾರೆ."

ಇಷ್ಟು ಹೇಳಿ ಹೋದರು. ಮೇಲಿನ ಮನೆಯವರು ಯಾತ್ರೆಗೆ ಹೋಗಿದ್ದರು. ಕನ್ನಡದ ಹೆಂಗಸರೆಲ್ಲ ಮಕ್ಕಳ ರಜೆಗೆ ಊರಿಗೆ ಹೊರಟುಹೋಗಿದ್ದರು. ಉಳಿದವಳು ನಾನೊಬ್ಬಳೇ.

ಔಷಧಿ ಮುಗಿದ ದಿನ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಹೋದೆ. ದವಾಖಾನೆಯಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಸರದಿ ಬಂದಾಗ ಡಾಕ್ಟರು ದಪ್ಪ ಪುಸ್ತಕದಲ್ಲಿ ಏನೋ ಬರೆಯುತ್ತಾ, ತಲೆ ಎತ್ತದೆ ಕೇಳಿದರು: "ಕೇಮ್ ಛೆ ಬೇಬಿನೆ? ಸಾರು ಛೆ?"

ನನ್ನ ಕಿವಿ ನೆಟ್ಟಗಾಯಿತು. ಸಾರು! ಈ ಗುಜರಾತಿ ಡಾಕ್ಟರ ಬಾಯಲ್ಲಿ ನಮ್ಮ ಸಾರು! ಕಚೇರಿಯ ಕನ್ನಡದವರು ಬಂದು ಬಂದು ಕಲಿಸಿಬಿಟ್ಟಿದ್ದಾರೆ ಎಂದುಕೊಂಡೆ. ಅಬ್ಬಾ, ಊಟದ ವಿಷಯ ಕೇಳುವ ಡಾಕ್ಟರು ಈ ಊರಲ್ಲೂ ಇದ್ದಾರಲ್ಲ ಎಂದು ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ನನ್ನ ಅಳತೆಗೋಲಿನಲ್ಲಿ ಅವರು ಆ ಕ್ಷಣವೇ ಪಾಸಾದರು.

"ಛೆ, ಛೆ! ಸಾರು ಛೆ!" ಎಂದೆ.

"ಬಸ್, ಬಸ್," ಎಂದು ನಕ್ಕು, ಅದೇ ಮಿಕ್ಸ್‌ಚರ್ ಕೊಡಲು ಕಂಪೌಂಡರನಿಗೆ ಹೇಳಿದರು.

ಸತ್ಯ ಹೇಳಬೇಕೆಂದರೆ ಆ ದಿನ ಮನೆಯಲ್ಲಿ ಸಾರು ಇರಲಿಲ್ಲ, ಗಂಜಿ ಇತ್ತು. ಡಾಕ್ಟರು ಕೇಳಿದ ಮೇಲೆ ಬಿಡುವುದುಂಟೆ? ಮನೆಗೆ ಬಂದವಳೇ ಮೆಣಸು ಜೀರಿಗೆ ಹುರಿದು ಕುಟ್ಟಿ, ಬೆಳ್ಳುಳ್ಳಿ ಜಜ್ಜಿ, ಹುಣಸೆಹುಳಿ ಹಿಂಡಿ, ಘಮ್ಮೆನ್ನುವ ಹಾಗೆ ಸಾರು ಮಾಡಿದೆ. ಮಗಳು ಮೊದಲ ದಿನ ನಾಲ್ಕು ತುತ್ತು ಉಂಡಳು. ಆಮೇಲೆ ಬಟ್ಟಲು ಕಂಡರೆ ಮುಖ ತಿರುಗಿಸತೊಡಗಿದಳು.

"ಬೇಡಮ್ಮ. ಹೊಟ್ಟೆ ಉರಿಯತ್ತೆ."

"ಡಾಕ್ಟ್ರು ಹೇಳಿದಾರೆ ಕಂದಾ. ಇದೊಂದು ಗುಟುಕು, ನನ್ ಬಂಗಾರ ಅಲ್ವಾ?"

ಜ್ವರ ಬೆಳಿಗ್ಗೆ ಇಳಿದ ಹಾಗೆ ಕಾಣುತ್ತಿತ್ತು. ಸಂಜೆಯಾದರೆ ಮೈ ಕಾವಲಿಯ ಹಾಗೆ ಸುಡುತ್ತಿತ್ತು. ದವಾಖಾನೆಗೆ ಹೋಗುತ್ತಿದ್ದದ್ದು ಬೆಳಿಗ್ಗೆ. ಡಾಕ್ಟರಿಗೆ ಇದನ್ನು ಹೇಗಾದರೂ ತಿಳಿಸಬೇಕೆಂದು ಎರಡನೆಯ ಸಲ ಹೋದಾಗ, ಸಿನಿಮಾ ಹಾಡಿನಿಂದ ಕಲಿತ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ರಾತ್... ಗರಮ್. ಬಹುತ್ ಗರಮ್," ಎಂದೆ. ಅವರು ಫ್ಯಾನಿನ ಕಡೆ ನೋಡಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಹಾ ಬೆನ್, ಗರಮೀ ಬಹು ಛೆ," ಎಂದರು. ನಾನು ಮಗಳ ಮೈ ಬಿಸಿಯನ್ನು ಹೇಳಿದ್ದೆ, ಅವರು ಅಹಮದಾಬಾದಿನ ಸೆಕೆಯನ್ನು ಒಪ್ಪಿಕೊಂಡಿದ್ದರು. ಅದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಆಗ, ಅರ್ಥವಾಯಿತಲ್ಲ ಸದ್ಯ ಎಂದು ನಿಟ್ಟುಸಿರು ಬಿಟ್ಟೆ.

"ಸಾರು ಛೆ ನೇ?" ಎಂದು ಮತ್ತೆ ಕೇಳಿದರು.

"ಛೆ," ಎಂದೆ. ಮತ್ತೆ ಅದೇ ಬಾಟಲಿ.

ಮೂರನೆಯ ಸಲ ಮಗು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಸೊಂಟದ ಮೇಲೆ ಕೂರಿಸಿಕೊಂಡರೆ ಕುತ್ತಿಗೆ ನನ್ನ ಭುಜದ ಮೇಲೆ ವಾಲುತ್ತಿತ್ತು, ತುಟಿ ಒಡೆದು ಸಿಪ್ಪೆಯೆದ್ದಿತ್ತು. ಕಾಯುವ ಬೆಂಚಿನ ಮೇಲೆ ಕುಳಿತು, ಅಯ್ಯೋ ದೇವರೇ, ಈ ಸಲವಾದರೂ ಔಷಧಿ ಬದಲಾಯಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ. ಡಾಕ್ಟರು ಎರಡು ಬೆರಳಲ್ಲಿ ಮಗುವಿನ ಕೆನ್ನೆ ತಟ್ಟಿ, ಪುಸ್ತಕ ತೆರೆದು, ಮತ್ತದೇ ಪ್ರಶ್ನೆ ಕೇಳಿದರು. ನನಗೆ ಅಳು ಒತ್ತರಿಸಿ ಬಂತು. ನೀವು ಹೇಳಿದ ಹಾಗೆ ಸಾರು ಕೊಡುತ್ತಲೇ ಇದ್ದೇನೆ, ಎಲ್ಲವನ್ನೂ ಕಕ್ಕಿಬಿಡುತ್ತಾಳೆ, ನಾನಿನ್ನೇನು ಮಾಡಲಿ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, "ಸಾರು ಛೆ, ಡಾಕ್ಟರ್. ಸಾರು ಛೆ, ಸಾರು ಛೆ."

ಅವರು ನನ್ನ ಕಣ್ಣೀರು ನೋಡಿ, ಮೆಲ್ಲಗೆ ನಕ್ಕು, ಗೋಡೆಯ ಮೇಲಿದ್ದ ದೇವರ ಪಟದ ಕಡೆ ಕೈ ತೋರಿಸಿದರು.

ಇನ್ನೆಲ್ಲ ಅವನ ಕೈಯಲ್ಲಿದೆ, ನನ್ನಿಂದಾಗದು ಎಂದು ಡಾಕ್ಟರು ಕೈಚೆಲ್ಲಿದರು ಎಂದೇ ತಿಳಿದೆ. ಆ ಸನ್ನೆಯ ಅರ್ಥ, ಎಲ್ಲಾ ಅವನ ದಯೆ, ಮಗು ಗುಣವಾಯಿತು ಎಂದು; ಅದು ನನಗೆ ತಿಳಿದದ್ದು ಆಮೇಲೆ. ಬಾಟಲಿಯನ್ನು ಅಲ್ಲೇ ಬಿಟ್ಟು, ಮಗುವನ್ನು ಅವುಚಿಕೊಂಡು ಅಂಚೆ ಕಚೇರಿಗೆ ಓಡಿದೆ. ಸೂರತ್ತಿನ ವಿಳಾಸವಿದ್ದ ಚೀಟಿ ಕೊಟ್ಟು ಗುಮಾಸ್ತನ ಮುಂದೆ ಅತ್ತೆ. ಪಾಪ, ಅವನೇ ಏನೋ ಬರೆದು ತಂತಿ ಕಳಿಸಿದ.

ಮಾರನೆಯ ಮಧ್ಯಾಹ್ನ ಯಜಮಾನರು ಬರುವ ಹೊತ್ತಿಗೆ ಮಗುವಿಗೆ ಭೇದಿಯಲ್ಲಿ ಕಪ್ಪಗೆ ರಕ್ತ ಹೋಗುತ್ತಿತ್ತು. ಕುದುರೆಗಾಡಿ ಹಿಡಿದು ನದಿಯಾಚೆಯ ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ, ನಾಲಿಗೆ ನೋಡಿ ಯಜಮಾನರ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಒಂದು ಮಾತು ನನಗೂ ಅರ್ಥವಾಯಿತು: ಟೈಫಾಯಿಡ್. ಕರುಳಿನಲ್ಲಿ ಹುಣ್ಣಾಗಿ ರಕ್ತ ಒಸರುತ್ತಿದೆ, ಏನನ್ನೂ ಈಗಲೇ ಹೇಳಲಾಗದು ಎಂದರಂತೆ.

"ಖಾರ ಏನಾದ್ರೂ ಕೊಟ್ಟೆಯೇನೇ ಮಗೂಗೆ?" ಎಂದರು ಯಜಮಾನರು.

"ಮೆಣಸಿನ ಸಾರು. ಡಾಕ್ಟ್ರೇ ಕೊಡಿ ಅಂತಿದ್ರು. ಹೋದಾಗೆಲ್ಲ ಕೇಳೋರು."

"ಅವನ ಮನೆ ಹಾಳಾಗ! ಕರುಳು ಹುಣ್ಣಾಗಿರೋ ಮಗೂಗೆ ಮೆಣಸಿನ ಸಾರು ಕೊಡು ಅಂದ್ನಾ?"

ಪಟ್ಟಿಯಲ್ಲಿರುವ ಡಾಕ್ಟರು ಹೇಗೆ ನೋಡುತ್ತಾರೆ ಎಂದು ಕಚೇರಿಯವರು ವರ್ಷಕ್ಕೊಮ್ಮೆ ಮನೆಮನೆಯ ಅಭಿಪ್ರಾಯ ಕೇಳುತ್ತಿದ್ದರು. ಆ ಕಾಗದ ಅವರ ಚೀಲದಲ್ಲೇ ಇತ್ತು. ಉತ್ತಮ, ಸಾಧಾರಣ, ಕೆಟ್ಟದ್ದು ಎಂಬ ಮೂರು ಚೌಕ, ಕೆಳಗೆ ಬರೆಯಲು ಜಾಗ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ತೊಡೆಯ ಮೇಲಿಟ್ಟುಕೊಂಡು, ಕೆಟ್ಟದ್ದು ಎಂಬ ಚೌಕಕ್ಕೆ ಗುರುತು ಹಾಕಿ, ಮಗುವಿಗೆ ಮೆಣಸಿನ ಸಾರು ಕೊಡಲು ಹೇಳಿದ ಈ ಡಾಕ್ಟರನ್ನು ಪಟ್ಟಿಯಿಂದ ತೆಗೆದುಹಾಕಬೇಕೆಂದು ಬರೆದರು. ನಾನು ಪಕ್ಕದಲ್ಲಿ ನಿಂತು, "ಇನ್ನೂ ಬರೀರಿ. ಒಂದ್ಸಲಾನೂ ಜ್ವರ ನೋಡ್ಲಿಲ್ಲ ಅಂತ ಬರೀರಿ," ಎಂದು ಹಲ್ಲು ಕಡಿಯುತ್ತಿದ್ದೆ. ಆ ಡಾಕ್ಟರ ವಂಶಕ್ಕೆ ನಾನು ಆ ದಿನ ಹಾಕಿದ ಶಾಪ ಒಂದೆರಡಲ್ಲ.

ಮರುದಿನ ಬೆಳಿಗ್ಗೆ ನರ್ಸು ವಾರ್ಡಿನಲ್ಲಿ ಒಂದೊಂದೇ ಮಂಚ ನೋಡುತ್ತಾ ಬಂದಳು. ನಮ್ಮ ಪಕ್ಕದ ಮಂಚದಲ್ಲಿ ಮಿಲ್ಲಿನವರ ಮಗು, ನಾವು ಬಂದಾಗಿನಿಂದ ಬಾಯಿಗೆ ಏನೂ ಇಲ್ಲ, ಕೈಗೆ ಗ್ಲೂಕೋಸು ಮಾತ್ರ. ನರ್ಸು ಆ ತಾಯಿಯನ್ನು ಕೇಳಿದಳು: "ಕೇಮ್ ಛೆ? ಸಾರು ಛೆ?"

ಆ ಹೆಂಗಸು ಮುಖವರಳಿಸಿ, "ಸಾರು ಛೆ ಬೆನ್, ಸಾರು ಛೆ," ಎಂದಳು.

ನಾನು ಮಂಚದ ಕೆಳಗೆ ನೋಡಿದೆ. ಪಾತ್ರೆಯಿಲ್ಲ, ಬಟ್ಟಲಿಲ್ಲ. ಎಲ್ಲಿಯ ಸಾರು? ಅದರಾಚೆಯ ಮಂಚದಲ್ಲಿ ಒಬ್ಬ ಅಜ್ಜಿ ಕೇಳುವ ಮೊದಲೇ ಕೈ ಮುಗಿದು ಅದನ್ನೇ ಹೇಳಿದಳು. ಆಮೇಲೆ ನರ್ಸು ನಮ್ಮ ಹತ್ತಿರ ಬಂದಳು. ನನ್ನ ಮಗಳ ಮುಖ ನೋಡಿ, ನಾಡಿ ಹಿಡಿದು, ಸುಮ್ಮನೆ ಮುಂದೆ ಹೊರಟಳು. ನನ್ನನ್ನು ಮಾತ್ರ ಅವಳು ಕೇಳಲಿಲ್ಲ.

ಅವಳ ಸೆರಗು ಹಿಡಿದು ನಿಲ್ಲಿಸಿದೆ. "ಸಾರು... ಸಾರು ಮತ್ಲಬ್ ಕ್ಯಾ?"

"ಸಾರು? ಅಚ್ಛಾ," ಎಂದಳು. "ತಬಿಯತ್ ಅಚ್ಛೀ."

ಚೆನ್ನಾಗಿದೆ. ಆರೋಗ್ಯ ಚೆನ್ನಾಗಿದೆ. ಮೂರು ಸಲ ಆ ಮನುಷ್ಯ ನನ್ನ ಮಗು ಹೇಗಿದೆ ಎಂದು ಕೇಳಿದ್ದರು, ಮೂರು ಸಲವೂ ನಾನು ಚೆನ್ನಾಗಿದೆ, ಚೆನ್ನಾಗಿದೆ ಎಂದಿದ್ದೆ. ಕತ್ತು ವಾಲಿದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಚೆನ್ನಾಗಿದೆ ಎಂದಿದ್ದೆ. ಮನೆಗೆ ಹೋಗಿ, ಬೇಡಮ್ಮ ಎಂದು ಅಳುವ ಬಾಯಿಗೆ ಖಾರ ಸುರಿದಿದ್ದೆ. ಕೊಲ್ಲುವವರು ಇನ್ನು ಬೇರೆ ಹೇಗೆ ಕೊಲ್ಲುತ್ತಾರೆ?

ಯಜಮಾನರು ಬಂದಾಗ ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

"ಯಾರ್ಗೂ ಹೇಳ್ಬೇಡ," ಎಂದರು.

"ಆ ಕಾಗದ ಕೊಟ್ಬಿಟ್ರಾ? ಅವರ ಮೇಲೆ ಸುಳ್ಳು ದೂರು ಆಗತ್ತಲ್ರೀ."

"ಏನು ಸುಳ್ಳು? ಅವನಿಗೆ ಕಣ್ಣಿರ್ಲಿಲ್ವಾ? ಥರ್ಮಾಮೀಟರ್ ಇಡ್ಬಾರ್ದು ಅಂತ ನೀನು ಹೇಳಿದ್ಯಾ?"

ಅದೂ ನಿಜವೇ. ಆದರೆ ಆ ನಿಜ ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ. ಒಂಬತ್ತು ದಿನ ಆ ಮಂಚದ ಪಕ್ಕ ಕುಳಿತೆ. ಕಾಗದ ಅವರ ಜೇಬಿನಲ್ಲೇ ಇತ್ತು. ನಾನು ಮಗಳ ಮುಖ ನೋಡುತ್ತಾ, ದೇವರೇ, ಇವಳೊಬ್ಬಳನ್ನು ಬಿಟ್ಟುಕೊಡು, ಬೇಕಾದರೆ ನನ್ನ ನಾಲಿಗೆ ಬಿದ್ದುಹೋಗಲಿ ಎನ್ನುತ್ತಿದ್ದೆ. ಹತ್ತನೆಯ ದಿನ ರಕ್ತ ನಿಂತಿತು. ಆಮೇಲೆ ಜ್ವರ ಇಳಿಯಿತು. ಮಗಳು ಉಳಿದಳು.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಅದೇ ದವಾಖಾನೆಗೆ ಹೋದೆ. ಕೂದಲೆಲ್ಲ ಉದುರಿ, ಮೂಳೆ ಎಣಿಸುವ ಹಾಗಾಗಿದ್ದಳು. ಡಾಕ್ಟರು ನಮ್ಮನ್ನು ಕಂಡು ಮೊದಲ ಬಾರಿಗೆ ಕುರ್ಚಿಯಿಂದ ಎದ್ದರು.

"ಅರೇ! ಬೇಬಿ! ಸಾರು ಛೆ?"

ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದು ಕಿರುಚಿದಳು. "ಬೇಡಮ್ಮಾ! ಸಾರು ಬೇಡ! ಸಾರು ಬೇಡಮ್ಮಾ!"

ಇಡೀ ದವಾಖಾನೆ ನಮ್ಮ ಕಡೆ ತಿರುಗಿತು. "ಶುಂ ಕಹೇ ಛೆ?" ಎಂದರು, ಏನು ಹೇಳುತ್ತಿದ್ದಾಳೆ ಎಂದು. ನನಗೆ ಬರುತ್ತಿದ್ದ ಹರಕುಮುರುಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ದಪ್ಪ ಪುಸ್ತಕ ತೆರೆದು, ನಮ್ಮ ಮೂರು ತಾರೀಖು ಹುಡುಕಿ, ತಾವೇ ಬರೆದದ್ದನ್ನು ಬೆರಳಿಟ್ಟು ಓದಿಕೊಂಡರು. ಮೂರೂ ಕಡೆ ಒಂದೇ ಮಾತು. ಆಮೇಲೆ ಥರ್ಮಾಮೀಟರ್ ತೆಗೆದು, ಜ್ವರವಿಲ್ಲದ ಮಗುವಿನ ಕಂಕುಳಲ್ಲಿಟ್ಟು ಕಾದರು. ತೆಗೆದ ಮೇಲೂ ಅದನ್ನೇ ಎಷ್ಟೋ ಹೊತ್ತು ನೋಡುತ್ತಿದ್ದರು.

ಆ ಸಂಜೆ ನಾನು ಹಟ ಹಿಡಿದು ಕಾಗದ ತೆಗೆಸಿದೆ. ಡಾಕ್ಟರು ಸಾರು ಕೊಡಲು ಹೇಳಿದರು ಎಂಬ ಸಾಲನ್ನು ಹೊಡೆದುಹಾಕಿಸಿದೆ. ಕೆಟ್ಟದ್ದು ಎಂಬ ಚೌಕದ ಗುರುತನ್ನು ಮಾತ್ರ ಹಾಗೇ ಬಿಡಲು ಹೇಳಿದೆ. ಜ್ವರದ ಮಗುವಿನ ಜ್ವರ ನೋಡದ ಡಾಕ್ಟರು ಕೆಟ್ಟ ಡಾಕ್ಟರೇ, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ತಾಯಿ ಹೇಗೆ ನೋಡಿಕೊಂಡಳು ಎಂದು ಆ ಕಾಗದ ಕೇಳಿರಲಿಲ್ಲ.

ಮುಂದೆ ವಡೋದರಾಕ್ಕೆ ವರ್ಗವಾಯಿತು, ಅಲ್ಲೇ ನೆಲೆ ನಿಂತೆವು. ಮಗಳು ಗುಜರಾತಿ ಶಾಲೆಯಲ್ಲಿ ಓದಿದಳು, ಈಗ ಅವಳಿಗೇ ದೊಡ್ಡ ಮಕ್ಕಳಿದ್ದಾರೆ. ಸಾರು ಮಾತ್ರ ಮುಟ್ಟುವುದಿಲ್ಲ. ಕನ್ನಡದವರಾಗಿ ಸಾರು ತಿನ್ನಲ್ವಾ ಎಂದು ಮದುವೆ ಮನೆಗಳಲ್ಲಿ ಎಲ್ಲರೂ ರೇಗಿಸುತ್ತಾರೆ. "ನಂಗೆ ಯಾಕೋ ಸೇರಲ್ಲ, ಮಮ್ಮಿ," ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಟೈಫಾಯಿಡ್ ಬಂದಿತ್ತು, ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದೇನೆ. ಇಷ್ಟು ವರ್ಷ ಅವಳು ಆ ಡಾಕ್ಟರನ್ನು ಬೈಯುತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೇಳಿದ್ದೇನೆ.

ಅವಳಿಗೆ ಕನ್ನಡ ಮಾತಾಡಲು ಅಲ್ಪಸ್ವಲ್ಪ ಬರುತ್ತದೆ, ಓದಲು ಬರುವುದಿಲ್ಲ. ಬರುತ್ತಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.