ಚುಕ್ಕಿ ಬಿದ್ದ ದಿಕ್ಕು

ಗೀತಾ, ನಿನ್ನ ಚೊಚ್ಚಲ ಮಗು ಆಸ್ಪತ್ರೆ ಮುಟ್ಟದೇ ಸತ್ತಿದ್ದು ನನ್ನ ಸುಳ್ಳಿನಿಂದ. ಎಂಟು ವರ್ಷ ಇದನ್ನು ನುಂಗಿಕೊಂಡು ನಿಮ್ಮ ಪಕ್ಕದ ಮನೆಯಲ್ಲೇ ಉಂಡುಟ್ಟು ಆರಾಮಾಗಿದ್ದೇನೆ — ಥೂ, ನನ್ನ ಜನ್ಮಕ್ಕಿಷ್ಟು!

ಅವತ್ತು ದೀಪ ಹಚ್ಚುವ ಹೊತ್ತು. ನಿನ್ನ ಗಂಡ ಕುರಿ ಹೊಡೆದುಕೊಂಡು ದೂರದ ಊರಿಗೆ ಹೋಗಿದ್ದ. ಆಂಬ್ಯುಲೆನ್ಸ್ ಬೇರೆ ಕಡೆ ಹೋಗಿತ್ತು. ಬಿಳಿಚೋಡಿನ ನಮ್ಮ ಓಣಿಯಲ್ಲಿ ಕಾರಿದ್ದದ್ದು ನನಗೊಬ್ಬನಿಗೇ. ನಿನಗೆ ನೋವು ಶುರುವಾಗಿದೆ, ಜಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ನಿನ್ನ ಅತ್ತೆ ಕರಿಬಸಮ್ಮ ನಮ್ಮ ಅಂಗಳಕ್ಕೆ ಓಡಿಬಂದರು. ಅಷ್ಟರಲ್ಲಿ ಜಗಳೂರಿನ ದಿಕ್ಕಿಗೇ ದೊಡ್ಡದೊಂದು ಉಲ್ಕೆ ಉರಿಯುತ್ತಾ ಇಳಿಯಿತು. ಅಂಗಳವೆಲ್ಲ ಒಂದು ಕ್ಷಣ ಬೆಳ್ಳಗಾಯಿತು.

"ಅಯ್ಯೋ ಶಿವನೇ, ಚುಕ್ಕಿ ಬಿತ್ತಲ್ರೀ ಮೇಷ್ಟ್ರೇ! ಈಗ ಹೊರಡಾಕೆ ಅಡ್ಡಿ ಏನಾರ ಐತಾ? ಓದಿದೋರು ನೀವು, ಹೆಂಗೆ ಹೇಳ್ತೀರೋ ಹಂಗೆ."

ನಾನು ವಿಜ್ಞಾನದ ಮೇಷ್ಟ್ರು. ಉಲ್ಕೆಯೆಂದರೆ ಗಾಳಿಯಲ್ಲಿ ಉರಿಯುವ ಕಲ್ಲಿನ ಚೂರು, ಅಷ್ಟೇ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳಿಕೊಟ್ಟವನು. ಆ ಮಾತೊಂದನ್ನು ಅವರಿಗೂ ಆಡಿದ್ದರೆ — ಆದರೆ ನನ್ನ ತಲೆಯಲ್ಲಿದ್ದದ್ದು ಕಾರಿನ ಸೀಟು. ಕಾರು ತಂದು ಹದಿನೈದು ದಿನವಾಗಿತ್ತು. ಹೆರಿಗೆ ನೋವಿನ ಹೆಂಗಸು, ನೀರು, ರಕ್ತ — ನನಗೆ ಹೇಸಿಗೆಯಾಯಿತು, ಗೀತಾ. ನಿನ್ನನ್ನು ನೆನೆಸಿಕೊಂಡು ಹೇಸಿಗೆ! ಎಂಥ ಮನುಷ್ಯ ನಾನು!

"ಬೆಳಗ್ಗೆ ಹೋಗೋಣಮ್ಮ. ಚುಕ್ಕಿ ಬಿದ್ದ ದಿಕ್ಕಿಗೆ ಈಗ ಹೋಗೋದು ಒಳ್ಳೇದಲ್ಲ" ಅಂದೆ. ಮುಖ ಗಂಭೀರ ಮಾಡಿಕೊಂಡೇ ಅಂದೆ.

ಅವರು ನನಗೆ ಕೈಮುಗಿದು ಹೋದರು. ಬೆಳಗಿನ ಜಾವ ಮನೆಯಲ್ಲೇ ಹೆರಿಗೆಯಾಯಿತು. ಮಗು ಅಳಲೇ ಇಲ್ಲ.

ಇದಕ್ಕಿಂತ ಅಸಹ್ಯವಾದದ್ದು ಇನ್ನೂ ಇದೆ. "ಮೇಷ್ಟ್ರು ತಡೆದಿದ್ದಕ್ಕೆ ಸೊಸೆಯಾದ್ರೂ ಉಳಿದ್ಲು" ಎಂದು ಕರಿಬಸಮ್ಮ ಇವತ್ತಿಗೂ ನನ್ನನ್ನು ಹರಸುತ್ತಾರೆ. ಹಬ್ಬ ಬಂದರೆ ಮೊದಲ ಹೋಳಿಗೆ ನನ್ನ ಮನೆಗೇ. ತಿಂದಿದ್ದೇನೆ. ಬಾಯಿ ಚಪ್ಪರಿಸಿಕೊಂಡು ತಿಂದಿದ್ದೇನೆ.

ನಿನ್ನೆ ಅವರು ಓಣಿಯ ಬಸುರಿಯೊಬ್ಬಳಿಗೆ ಅದೇ ಬುದ್ಧಿ ಹೇಳುತ್ತಿದ್ದರು — ಚುಕ್ಕಿ ಬಿದ್ದರೆ ಹೊಸಿಲು ದಾಟಬೇಡ, ಮೇಷ್ಟ್ರೇ ಹೇಳ್ಯಾರೆ ಅಂತ. ಗೇಟಿನ ಹತ್ತಿರ ನಿಂತು ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಲಿಲ್ಲ, ಹೇಡಿ.

ಹೊತ್ತಿಗೆ ಸರಿಯಾಗಿ ಹೋಗಿದ್ದರೂ ಮಗು ಉಳಿಯುತ್ತಿತ್ತೋ ಇಲ್ಲವೋ — ಆ ಅನುಮಾನದ ಹಿಂದೆ ಇಷ್ಟು ವರ್ಷ ಅಡಗಿ ಕೂತಿದ್ದೆ. ಸಾಕು. ನಾಳೆ ನಿಮ್ಮ ಮನೆಗೆ ಬಂದು ಈ ಕಾಗದವನ್ನು ನಾನೇ ಓದುತ್ತೇನೆ, ಕರಿಬಸಮ್ಮನವರ ಮುಂದೆ, ಆ ಬಸುರಿಯ ಮುಂದೆ. ಕ್ಷಮಿಸು ಎಂದು ಕೇಳುವುದಿಲ್ಲ. ಎಂಟು ವರ್ಷದಿಂದ ನೀನು ಆ ಚುಕ್ಕಿಗೆ ಶಾಪ ಹಾಕುತ್ತಿದ್ದೀಯ. ಹಾಕಿಸಿಕೊಳ್ಳಬೇಕಾದವನು ನಾಳೆ ನಿನ್ನ ಎದುರಿಗೇ ಕೂತಿರುತ್ತಾನೆ.