ಅಣ್ಣ ಬಿಟ್ಟ ಗುಳಿಗೆ

ಅಣ್ಣ ನಾಸಿಕದ ಸಾತಪುರದಲ್ಲಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಔರಂಗಾಬಾದಿನಲ್ಲಿ ನಾನು ಪತ್ರಿಕೆಯ ವರದಿಗಾರ; ರಜೆ ಸಿಕ್ಕಾಗ ಅವನ ಮನೆಗೆ ಹೋಗುತ್ತಿದ್ದೆ. ಅವನ ಕಾಲನಿಯಲ್ಲಿ ಭಾನುವಾರ ಬೆಳಿಗ್ಗೆ ಕೊಲೆಸ್ಟರಾಲ್ ಬಗ್ಗೆ ತಿಳಿವಳಿಕೆ ಸಭೆಗಳು ನಡೆಯುತ್ತಿದ್ದವು. ಅಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಾಗಲೇ ಅಣ್ಣನ ಕೊಲೆಸ್ಟರಾಲ್ ಏರಿರುವುದು ಗೊತ್ತಾದದ್ದು. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವನು ಗುಳಿಗೆ ನುಂಗಿದ, ಕರಿದದ್ದು ಬಿಟ್ಟ, ಬೆಳಿಗ್ಗೆ ನಡೆಯತೊಡಗಿದ. ಮುಂದಿನ ರಿಪೋರ್ಟು ಸರಿಯಾಗಿ ಬಂತು. ಸಂಘಟಕರು ಅವನನ್ನೇ ಮಾತಾಡಲು ನಿಲ್ಲಿಸಿದರು.

ಧಾರವಾಡದ ರಾಗ ಬಿಡದ ಮರಾಠಿಯಲ್ಲಿ ಅಣ್ಣ ತನ್ನ ಅನುಭವ ಹೇಳಿದ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು, ‘ಗೋಳ್ಯಾ ಘೇತಾ ಕಾ?’ ಎಂದು ಕೇಳಿದರು. ಗುಳಿಗೆ ತೆಗೆದುಕೊಳ್ಳುತ್ತೇನೆ ಎಂದ. ಹಾಗಾದರೆ ಅದು ಗುಳಿಗೆಯ ಹೆಚ್ಚುಗಾರಿಕೆ, ನಿನ್ನದೇನಪ್ಪಾ ಎಂದರು ಅಜ್ಜಿ. ಸಭೆ ನಕ್ಕಿತು. ಅಣ್ಣನೂ ನಕ್ಕ.

ಊಟಕ್ಕೆ ಕುಳಿತಾಗ ಅತ್ತಿಗೆಗೆ ಹೇಳಿದ: ‘ಇನ್ನ ಗುಳಿಗಿ ಸಾಕು. ಮಂದಿಗೆ ಎಣ್ಣಿ ಬಿಡ್ರಿ, ಅಡ್ಡಾಡ್ರಿ ಅಂತ ಹೇಳಾಂವ ತಾನ ಗುಳಿಗಿ ನುಂಗಬಾರ್ದು.’

‘ಡಾಕ್ಟರನ್ನ ಕೇಳಿದ್ರೇನು?’

‘ರಿಪೋರ್ಟ್ ಸರಿ ಅದ ಅಲ್ಲಾ, ಏನ್ ಕೇಳೂದು?’

ಕೇಳಿಯೇ ಬಿಡು ಎಂದೆ, ರಜೆಗೆ ಬಂದಿದ್ದ ನಾನು. ‘ಪೇಪರದವ್ರು ಎಲ್ಲಾದ್ರಾಗೂ ಶಾಣ್ಯಾರು’ ಎಂದು ರೊಟ್ಟಿ ಮುರಿದ.

ಮುಂದಿನ ಸಭೆಯಲ್ಲಿ, ಗುಳಿಗೆಯಿಲ್ಲದೆ ಇದ್ದೇನೆ ಎಂದೇ ಮಾತು ಶುರುಮಾಡಿದ. ಚಪ್ಪಾಳೆ ಬಿತ್ತು. ಅವನು ಹೇಳಿದ್ದು ನಿಜವೇ ಆಗಿತ್ತು. ಅಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಗುಳಿಗೆ ಬಿಟ್ಟ ಎರಡನೆಯ ವರ್ಷ, ಮೊದಲ ಪಾಳಿಗೆ ಹೋದವನು ಕಾರ್ಖಾನೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಲೇ ಕುಸಿದ. ಹೃದಯಾಘಾತ; ಉಳಿಯಲಿಲ್ಲ. ಗುಳಿಗೆ ಬಿಟ್ಟದ್ದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ‘ಬಿಡಬಾರದಿತ್ತು’ ಎಂದಷ್ಟೇ ಹೇಳಿದರು.

ಮಾತಾಡಿಸಲು ಬಂದವರಲ್ಲಿ ವಿಜಯಪುರ ಕಡೆಯ ಬ್ಯಾಂಕಿನವರೊಬ್ಬರಿದ್ದರು. ಅತ್ತಿಗೆಯ ಮುಂದೆ ಅಣ್ಣನನ್ನು ಹೊಗಳುತ್ತ, ‘ಅವ್ರ ಮಾತು ಕೇಳಿ ನಾನೂ ಗುಳಿಗಿ ಬಿಟ್ಟೀನ್ರಿ ವೈನಿ. ಕಾಲನ್ಯಾಗ ಭಾಳ ಮಂದಿ ಬಿಟ್ಟೀವಿ’ ಎಂದರು.

ಅತ್ತಿಗೆ ತಲೆಯೆತ್ತಿದರು. ‘ಯಾರ್ಯಾರ್ರಿ?’

ಸೂತಕ ಕಳೆಯುವ ತನಕ ನಮ್ಮವರು ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಆದರೆ ಮರುದಿನವೇ ಅತ್ತಿಗೆ ಚಪ್ಪಲಿ ಮೆಟ್ಟಿ ಹೊರಟರು. ನಮ್ಮ ಅವ್ವ ತಡೆದರೂ ನಿಲ್ಲಲಿಲ್ಲ. ನಾನು ಜೊತೆಗೆ ಹೋದೆ. ಬ್ಯಾಂಕಿನವರ ಮನೆಯ ಗಂಟೆ ಒತ್ತಿ, ಹೊಸ್ತಿಲಿನಿಂದ ದೂರ, ಮೆಟ್ಟಿಲ ಮೇಲೆ ನಿಂತರು.

‘ಒಳಗ ಬರೂದಿಲ್ರಿ, ಸೂತಕ ಅದ. ನಮ್ಮ ಮನೆಯವ್ರು ಹೇಳಿದ್ದು ತಪ್ಪರಿ. ಇವತ್ತ ಡಾಕ್ಟರ್ ಕಡೆ ಹೋಗ್ರಿ.’

‘ಹಂಗನಬ್ಯಾಡ್ರಿ ವೈನಿ. ದೇವರಂಥಾ ಮನಷ್ಯಾ ಅವ್ರು.’

‘ಹೌದ್ರಿ,’ ಎಂದರು ಅತ್ತಿಗೆ. ‘ಅದಕ್ಕ ಎಲ್ಲಾರೂ ನಂಬ್ಯಾರ.’

ಸೆರಗು ಸರಿಮಾಡಿಕೊಂಡು ಮೇಲಿನ ಮಹಡಿಗೆ ಹತ್ತಿದರು. ಅಲ್ಲಿ ಅದೇ ಮಾತನ್ನು ಮರಾಠಿಯಲ್ಲಿ ಹೇಳಬೇಕಿತ್ತು. ‘ತಪ್ಪು’ ಎನ್ನುವಲ್ಲಿ ಅವರ ದನಿ ಒಡೆಯಿತು. ನಿಂತು, ಮೊದಲಿನಿಂದ ಹೇಳಿದರು.